ತೇವ ಹೇಳುವ ಡಬ್ಬಿ

2009ರ ನವೆಂಬರ್ 11, ಬೆಳಿಗ್ಗೆ 10 ಗಂಟೆ 20 ನಿಮಿಷ. ಕಾರ್ಖಾನೆಯ ಮೇಜಿನ ಮೇಲೆ ನನ್ನ ಹೊಟ್ಟೆಗೆ ಮೊದಲ ಹಿಡಿ ಕಾಳು ಬಿತ್ತು. ಅದರಲ್ಲಿ ನೀರೆಷ್ಟಿದೆ ಎಂದು ಹೇಳಿದೆ, ಸರಿಯಾಗಿತ್ತು. ನನ್ನ ಜನ್ಮ ಅಷ್ಟೇ. ನಾನು ಒಂದು ತೇವಾಂಶ ಮಾಪಕ. ಕಾಳಿನೊಳಗೆ ಸಣ್ಣ ವಿದ್ಯುತ್ ಹಾಯಿಸಿ ಅದರ ತೇವ ತಿಳಿಯುತ್ತೇನೆ. ಪ್ರತಿ ಕಾಳಿನ ಸ್ವಭಾವ ಬೇರೆ. ಹಾಗಾಗಿ ಮೊದಲು ನನ್ನ ಎದೆಯ ಮೇಲಿನ ತಿರುಗಣೆಯನ್ನು ಶೇಂಗಾ, ಗೋಧಿ, ಗೋವಿನಜೋಳ ಎಂದು ಆಯಾ ಗುರುತಿಗೆ ತಿರುಗಿಸಬೇಕು. ತಪ್ಪು ಕೇಳಿದರೆ ತಪ್ಪೇ ಹೇಳುತ್ತೇನೆ. ಹಾಗಲ್ಲ ಎನ್ನಲು ನನಗೆ ಬಾಯಿಲ್ಲ.

ಹಾವೇರಿ ಸೀಮೆಯ ಒಬ್ಬ ವ್ಯಾಪಾರಿಯ ಅಂಗಡಿಯಲ್ಲಿ ಎರಡು ವರ್ಷ ಇದ್ದೆ. ಅಂಗಡಿ ಮುಚ್ಚಿದಾಗ ಮಾರುಕಟ್ಟೆಯ ಕಾಳು ಪರೀಕ್ಷಕ ಶಾಂತವೀರ ಹಾದಿಮನಿಯ ಕೈ ಸೇರಿದೆ. ಇಡೀ ಅಂಗಳದಲ್ಲಿ ಅವನ ಜೊತೆ ಕೂತು ಚಹಾ ಕುಡಿಯುವವರಿರಲಿಲ್ಲ. ಕಾಳು ಹಸಿ ಎಂದರೆ ರೈತರಿಗೆ ಸಿಟ್ಟು, ಒಣ ಎಂದರೆ ವ್ಯಾಪಾರಿಗಳಿಗೆ. ಬುತ್ತಿಯನ್ನು ನನ್ನ ಪಕ್ಕದಲ್ಲೇ ಬಿಚ್ಚುತ್ತಿದ್ದ.

ಒಂದು ಮಾರ್ಚಿನಲ್ಲಿ ಕೋಳಿರೋಗದ ಸುದ್ದಿ ಹಬ್ಬಿತು. ಕೋಳಿ ತಿನ್ನುವವರು ಹಿಂಜರಿದರು; ಕೋಳಿಗೆ ಹಾಕುವ ಗೋವಿನಜೋಳದ ಧಾರಣೆಯೂ ಕುಸಿಯಿತು. ಕೋಳಿ ಆಹಾರದ ಗಿರಣಿ ನಾಳೆಯಿಂದ ಖರೀದಿ ನಿಲ್ಲಿಸುತ್ತದೆ ಎಂಬ ದಿನ, ಸಂಜೆಯ ಕೊನೆಯ ಟ್ರ್ಯಾಕ್ಟರಿನಲ್ಲಿ ರೈತ ಮಹಿಳೆ ಗದಿಗೆವ್ವ ಗೋವಿನಜೋಳ ತಂದಳು. ಶೇಕಡಾ 14 ದಾಟಿದ ಹಸಿಯನ್ನು ಗಿರಣಿ ಮುಟ್ಟುತ್ತಿರಲಿಲ್ಲ.

"ಬೋರಿನ ಮೋಟರ್ ಸುಟ್ಟೈತ್ರೀ ಸಾಹೇಬ್ರ. ಇದು ಹೋಗಲಿಲ್ಲಂದ್ರ ನಾಳೆ ಎಮ್ಮಿ ಸಂತಿಗಿ ಹೊಡೀಬೇಕು."

"ಹಲ್ಲಾಗ ಕಡದ್ ನೋಡೀಯೇನಬೇ?" ಎಂದ ಹಮಾಲ ನಿಂಗಜ್ಜ.

"ನಿನ್ನಂಗ ಬೊಚ್ಚಬಾಯಿ ಅಲ್ಲೋ ನಂದು. ಕಟಕ್ ಅಂದೈತಿ, ಒಣಗೈತಿ."

ಅದಕ್ಕೂ ಮೊದಲು ನಾನು ಗೋಧಿ ಅಳೆದಿದ್ದೆ. ದಣಿದಿದ್ದ ಹಾದಿಮನಿ ತಿರುಗಣೆ ಮುಟ್ಟದೆ ಅವಳ ಗೋವಿನಜೋಳ ಸುರಿದ. 15.6 ಎಂದೆ. ಅದು ಸುಳ್ಳೆಂದು ನನಗೊಬ್ಬನಿಗೇ ಗೊತ್ತಿತ್ತು.

"ಹಸೀ ಐತವ್ವಾ."

ಅವಳು ನನ್ನತ್ತ ನೋಡಿ ಟ್ರ್ಯಾಕ್ಟರಿನ ಕಡೆ ತಿರುಗಿದಳು. "ಡಬ್ಬೀನ ಅಂದಮ್ಯಾಲ ಆತ್ ಬಿಡ್ರಿ."

ಅವಳ ಮಾದರಿಯನ್ನು ಹಾದಿಮನಿ ನಿಯಮದಂತೆ ಪೊಟ್ಟಣದಲ್ಲಿ ಮುಚ್ಚಿಟ್ಟ. ಮರುದಿನ ಮಾರುಕಟ್ಟೆಗೆ ವಾರದ ರಜೆ, ಪಕ್ಕದೂರಿನಲ್ಲಿ ದನದ ಸಂತೆ. ಅದರ ಮರುದಿನ ಮೊದಲು ಬಂದದ್ದೇ, ಸಿಕ್ಕ ಬೆಲೆಗೆ ಮಾರುವ ಗೋವಿನಜೋಳದ ರಾಶಿ. ತಿರುಗಣೆಗೆ ಬಂದ ಅವನ ಕೈ ಅಲ್ಲೇ ನಿಂತಿತು. ತಿರುಗಣೆ ಇನ್ನೂ ಗೋಧಿಯ ಗುರುತಿನ ಮೇಲೇ ಇತ್ತು. ಅವಳ ಪೊಟ್ಟಣ ಒಡೆದು, ಗುರುತು ಸರಿಪಡಿಸಿ, ಮತ್ತೆ ಅಳೆದ. ಬಂದ ಅಂಕಿಯನ್ನು ಯಾರಿಗೂ ಹೇಳದೆ ನನ್ನನ್ನು ಚೀಲಕ್ಕೆ ಹಾಕಿಕೊಂಡು ಅವಳೂರಿಗೆ ಹೋದ.

ಅವಳ ಮನೆಯ ಮುಂದೆ ಎಮ್ಮೆಯ ಗೂಟದಲ್ಲಿ ಬರೀ ಹಗ್ಗವಿತ್ತು. ಗದಿಗೆವ್ವ ಲೋಟ ಮುಂದಿಟ್ಟಳು. "ಹಾಲಿಲ್ರೀ. ಕರೀ ಚಾನ."

"ತಪ್ಪು ನಂದವ್ವಾ. ಡಬ್ಬೀದಲ್ಲ." ನಡೆದದ್ದನ್ನೆಲ್ಲ ಹೇಳಿದ.

ಅವಳು ಗೂಟದ ಕಡೆ ನೋಡಿದಳು. "ಹಂಗಾರ ನನ್ನ ಹಲ್ಲು ಖರೇನ ಹೇಳಿದ್ವು." ಆಮೇಲೆ, "ಕುಡೀರಿ, ಆರಿಹೋಕ್ಕೈತಿ."

ಅಂದಿನಿಂದ ಹಾದಿಮನಿ ಪ್ರತಿ ಸಲ ಕಾಳಿನ ಹೆಸರನ್ನು ಗಟ್ಟಿಯಾಗಿ ಹೇಳಿಯೇ ತಿರುಗಣೆ ತಿರುಗಿಸುತ್ತಿದ್ದ. "ಸಾಹೇಬ್ರು ಮಂತ್ರಾ ಸುರು ಮಾಡಿದ್ರು," ಎಂದು ಹಮಾಲರು ನಗುತ್ತಿದ್ದರು. ಅವನು ನಗಲಿಲ್ಲ.

ಅವನು ನಿವೃತ್ತನಾದ, ಹೊಸ ಯಂತ್ರ ಬಂತು. ನಾನೀಗ ಕಚೇರಿಯ ಕಬ್ಬಿಣದ ಬೀರುವಿನಲ್ಲಿದ್ದೇನೆ. ಬ್ಯಾಟರಿ ಸೋರಿ ಹೊಟ್ಟೆ ಹಸಿರುಗಟ್ಟಿದೆ. ಯಾರೂ ಏನೂ ಕೇಳುವುದಿಲ್ಲ. ತಪ್ಪು ಹೇಳುವ ಭಯವೂ ಇಲ್ಲ. ಆದರೂ ತಪ್ಪಾಗಿಯಾದರೂ ಒಬ್ಬರು ಕೇಳಲಿ ಎನಿಸುವ ದಿನಗಳಿವೆ. ನನ್ನ ಕೆಳಗೆ ಹಳೆಯ ಪರೀಕ್ಷಾ ಪುಸ್ತಕವಿದೆ. ಆ ಸಂಜೆಯ ಸಾಲಿನಲ್ಲಿ ಹಾದಿಮನಿ 15.6ನ್ನು ಕೆಂಪು ಶಾಯಿಯಲ್ಲಿ ಹೊಡೆದು, ಪಕ್ಕದಲ್ಲಿ ತನ್ನ ಸಹಿಯೊಂದಿಗೆ ಬರೆದಿದ್ದಾನೆ: ಗದಿಗೆವ್ವ, ಗೋವಿನಜೋಳ, ತೇವಾಂಶ ಶೇಕಡಾ 13.4.