ಪ್ರೇಕ್ಷಕರಿಗೆ ಮಾತ್ರ ತಿಳಿದದ್ದು

ಮೂರನೇ ಬೆಂಚಿನಿಂದ ಕೈ ಎದ್ದಿದೆ, ಅವಳದೇ, ತೋರುಬೆರಳಿನ ತುದಿಗೆ ನೀಲಿ ಶಾಯಿ, ಹೆಚ್ಚುವರಿ ಹಾಳೆ ಬೇಕಂತೆ, ಕೊಡುತ್ತೇನೆ, ಸಹಿ ಹಾಕುತ್ತೇನೆ, ನನ್ನ ಸಹಿ ಇಷ್ಟು ನೆಟ್ಟಗೆ ಎಂದೂ ಬಂದಿರಲಿಲ್ಲ — ಒಂದು ಗಂಟೆ ಹತ್ತು ನಿಮಿಷ ಉಳಿದಿದೆ, ಫ್ಯಾನು ಕಿರ್ರೆನ್ನುತ್ತಿದೆ, ಮೂವತ್ತೆರಡು ತಲೆಗಳು ಬಗ್ಗಿವೆ, ವರ್ಷವಿಡೀ ನಾನೇ ಬಾಯಿಪಾಠ ಮಾಡಿಸಿದ್ದು ಈಗ ಹಾಳೆಗಿಳಿಯುತ್ತಿದೆ, ಸ್ವಗತ ಎಂದರೇನು, ದುರಂತ ದೋಷ ಎಂದರೇನು, ಐದನೇ ಪ್ರಶ್ನೆ ನಾಟಕೀಯ ವ್ಯಂಗ್ಯ, ಉದಾಹರಣೆ ಸಹಿತ ವಿವರಿಸಿ, ಹತ್ತು ಅಂಕ. ಪಾತ್ರಕ್ಕೆ ತಿಳಿಯದ್ದು ಪ್ರೇಕ್ಷಕರಿಗೆ ತಿಳಿದಿರುವುದು, ಅಷ್ಟೇ, ಉಳಿದವರು ನಾಲ್ಕು ಸಾಲಿನಲ್ಲಿ ಕೈತೊಳೆದುಕೊಳ್ಳುತ್ತಾರೆ, ಇವಳು ಪುಟ ತುಂಬಿಸುತ್ತಾಳೆ, ಸ್ಟಾಫ್ ರೂಮಿನಲ್ಲಿ ಇವಳಿಗೆ ಪ್ರಶ್ನೆಪತ್ರಿಕೆ ಎಂದೇ ಹೆಸರು — ಈ ಪಾಠ ಮಾಡಿದ ದಿನವೂ ಹೀಗೇ ಕೈ ಎತ್ತಿದಳು, ಮೇಡಂ, ಪ್ರೇಕ್ಷಕರಲ್ಲಿ ಯಾರಾದ್ರೂ ಎದ್ದು ನಿಂತು ಪಾತ್ರಕ್ಕೆ ಹೇಳಿಬಿಟ್ರೆ? ನಾಟಕ ಅಲ್ಲಿಗೇ ಮುಗಿಯುತ್ತಮ್ಮ, ಟಿಕೆಟ್ ದುಡ್ಡು ವಾಪಸ್ ಕೊಡಬೇಕಾಗುತ್ತೆ, ಅಂದೆ, ತರಗತಿಯೆಲ್ಲ ಗೊಳ್ಳೆಂದು ನಕ್ಕಿತು, ಅವಳು ನಗಲಿಲ್ಲ, ಆದ್ರೂ ಹೇಳಬಹುದಲ್ವಾ ಮೇಡಂ, ಎಂದಳು, ಗಂಟೆ ಹೊಡೆಯಿತು, ನಾನು ಪಾರಾದೆ.

ಅವಳ ಸೋದರಮಾವ ಇನ್ನೂ ಗೇಟಿನ ಬಳಿಯೇ ಇದ್ದಾರೆ, ಕಿಟಕಿಯಿಂದ ಕಾಣುತ್ತಾರೆ, ಪರೀಕ್ಷೆ ಶುರುವಾಗಿ ಅರ್ಧ ಗಂಟೆಗೆ ಬಾಗಿಲಿಗೆ ಬಂದು ನನ್ನನ್ನು ಹೊರಗೆ ಕರೆದವರು, ಬೆಳಗ್ಗೆ ಇವಳು ಮನೆ ಬಿಟ್ಟ ಮೇಲೆ ಅಕ್ಕ ಕುಸಿದುಬಿದ್ದಳು, ಉಳಿಯೋದು ಕಷ್ಟ ಅಂದಿದ್ದಾರೆ ಡಾಕ್ಟರು, ಪ್ರಜ್ಞೆ ಇದೆ, ಮಗಳು ಬಂದಳಾ, ಬಂದಳಾ ಅಂತ ಕೇಳ್ತಾನೇ ಇದ್ದಾಳೆ — ಆಸ್ಪತ್ರೆಗೆ ಹತ್ತು ನಿಮಿಷದ ದಾರಿ — ಆದ್ರೆ ಈಗಲೇ ಹೇಳಬೇಡಿ ಮೇಡಂ, ಕೊನೇ ಪೇಪರು, ವರ್ಷ ಹಾಳಾಗುತ್ತೆ, ಇವಳನ್ನ ಓದಿಸೋಕೆ ಜೀವ ತೇಯ್ದವಳು ಅಕ್ಕ. ಹೂಂ ಅಂದೆ. ಒಂದೇ ಅಕ್ಷರ. ಆ ಅಮ್ಮನನ್ನು ಒಮ್ಮೆ ನೋಡಿದ್ದೇನೆ, ಪೋಷಕರ ಸಭೆಯಲ್ಲಿ, ನಮ್ಮವಳು ನಿಮ್ಮ ತಲೆ ತಿಂತಾಳಾ, ಎಂದು ಕೇಳಿ ತಾವೇ ನಕ್ಕವರು, ಮುಂದಿನ ಹಲ್ಲು ಒಂದು ಚೂರು ಮುರಿದಿತ್ತು. ದುರಂತ ದೋಷ ಎಂದರೆ ದುಷ್ಟತನವಲ್ಲ, ಒಳ್ಳೆಯವನೊಬ್ಬ ಎಡವುವ ಜಾಗ, ನಾನೇ ಕೊಟ್ಟ ನೋಟ್ಸು, ನನ್ನದು ಅಷ್ಟು ದೊಡ್ಡದೂ ಅಲ್ಲ, ಹೂಂ ಅನ್ನುವುದು ಸುಲಭವಾಗಿತ್ತು, ಅಷ್ಟೇ. ಈಗಲೂ ಹೇಳಬಹುದು, ನಾಲ್ಕು ಹೆಜ್ಜೆ, ಎದ್ದೆ, ಒಂದು, ಎರಡು, ಮೂರು, ಅವಳು ತಲೆಯೆತ್ತಿದಳು, ಮುಖ ಅರಳಿತು, ಥ್ಯಾಂಕ್ಸ್ ಮೇಡಂ, ದಾರ ಕೇಳಬೇಕು ಅಂತಿದ್ದೆ — ನನ್ನ ಕೈಯಲ್ಲಿ ಉತ್ತರಪತ್ರಿಕೆ ಕಟ್ಟುವ ದಾರವಿತ್ತು, ಯಾವಾಗ ಎತ್ತಿಕೊಂಡೆನೋ, ಕೊಟ್ಟೆ, ಮೆಲ್ಲಗೆ ಅಂದೆ, ನಿಧಾನಕ್ಕೆ ಬರಿ, ಟೈಮಿದೆ.

ಟೈಮಿದೆ ಅಂದೆ. ಬಂದು ಕುಳಿತೆ, ಕುರ್ಚಿಯ ಒಂದು ಕಾಲು ಗಿಡ್ಡ, ಅಲುಗುತ್ತದೆ, ಕಾಗದ ಮಡಚಿ ಇಡಬೇಕು, ವರ್ಷದಿಂದ ಅಂದುಕೊಳ್ಳುತ್ತಿದ್ದೇನೆ — ಮುಕ್ಕಾಲು ಗಂಟೆ ಹೀಗೇ ಸರಿಯಿತು, ಗೇಟಿನ ಬಳಿ ಅವರು ಫೋನು ಕಿವಿಗಿಟ್ಟುಕೊಂಡರು, ಇಟ್ಟುಕೊಂಡೇ ಇದ್ದರು, ಆಮೇಲೆ ನಿಂತಲ್ಲೇ ನೆಲದ ಮೇಲೆ ಕೂತುಬಿಟ್ಟರು, ಇಸ್ತ್ರಿ ಮಾಡಿದ ಬಿಳಿ ಪ್ಯಾಂಟಿನಲ್ಲಿ, ಮಣ್ಣಿನ ಮೇಲೆ. ಇನ್ನು ಅವಸರವಿಲ್ಲ. ಕರುಣೆ, ಭಯ ಎರಡೂ ಹರಿದುಹೋಗಿ ಮನಸ್ಸು ಹಗುರಾಗಬೇಕು, ಭಾವವಿರೇಚನ, ಏಳನೇ ಪ್ರಶ್ನೆ, ಐದು ಅಂಕ, ನನ್ನಲ್ಲಿ ಏನೂ ಹರಿಯುತ್ತಿಲ್ಲ, ಇಪ್ಪತ್ತು ನಿಮಿಷ ಬಾಕಿ ಎಂದು ಗಟ್ಟಿಯಾಗಿ ಹೇಳಬೇಕು, ಹೇಳಿದೆ, ದನಿ ಸರಿಯಾಗಿಯೇ ಬಂತು, ಮೂವತ್ತೆರಡು ತಲೆಗಳು ಇನ್ನಷ್ಟು ಬಗ್ಗಿದವು, ಇಲ್ಲ, ಮೂವತ್ತೊಂದು — ಮೂರನೇ ಬೆಂಚಿನಿಂದ ಕೈ ಎದ್ದಿದೆ, ತೋರುಬೆರಳಿನ ತುದಿಗೆ ನೀಲಿ ಶಾಯಿ, ಇಳಿಸುತ್ತಿಲ್ಲ, ನನ್ನನ್ನೇ ನೋಡುತ್ತಾ ಎತ್ತಿಯೇ ಇದ್ದಾಳೆ, ಆದ್ರೂ ಹೇಳಬಹುದಲ್ವಾ ಎಂದ ದಿನದ ಆ ಕೈ