ಹೊಳಪು ಮೇಲಿರಬೇಕು

ಮಧ್ಯಾಹ್ನದ ನಿದ್ದೆಯಿಂದ ಅತ್ತೆ ಏಳುವುದರೊಳಗೆ ಎರಡು ಸುತ್ತು ಬಿಚ್ಚಿ ಮತ್ತೆ ಹೆಣೆಯಬೇಕಿತ್ತು. ಒಳಕೋಣೆಯಲ್ಲಿ ಗೊರಕೆ ಕೇಳುವಷ್ಟು ಹೊತ್ತು ನನ್ನ ಕೈ ಓಡುತ್ತಿತ್ತು. ಗೊರಕೆ ತಡೆದರೆ ನನ್ನ ಉಸಿರೂ ತಡೆಯುತ್ತಿತ್ತು.

ಬಿಚ್ಚುತ್ತಿದ್ದದ್ದು ಅತ್ತೆಯೇ ಹೆಣೆದ ತೊಟ್ಟಿಲುಬುಟ್ಟಿ, ನಾದಿನಿಗೆ ಹುಟ್ಟಲಿರುವ ಮಗುವಿಗೆಂದು. ಮರಕ್ಕೆ ಹಬ್ಬುವ ಜರಿಗಿಡದ ದಂಟನ್ನು ನಾಲ್ಕಾಗಿ ಸೀಳಿ, ಬಕೆಟ್ಟಿನಲ್ಲಿ ನೆನೆಸಿ, ಡಬ್ಬಿಯ ಮುಚ್ಚಳಕ್ಕೆ ಮೊಳೆ ಹೊಡೆದು ಮಾಡಿದ ತೂತುಗಳಲ್ಲಿ ಎಳೆದರೆ ದಾರದಂಥ ಎಳೆ ಬರುತ್ತದೆ. ಅದಕ್ಕೆ ಹುಳ ಹಿಡಿಯುವುದಿಲ್ಲ. ನಮ್ಮ ಬೀದಿಯ ಅರ್ಧ ಮಕ್ಕಳು ಅತ್ತೆಯ ಬುಟ್ಟಿಯಲ್ಲಿ ಮಲಗಿ ಬೆಳೆದವರು. ಎಳೆಯನ್ನು ಸುತ್ತುವಾಗ ಕಪ್ಪಗೆ ಹೊಳೆಯುವ ಮೈ ಮೇಲಿರಬೇಕು, ಅಷ್ಟೇ. ಪೇಲವ ಒಳಮೈ ಮೇಲೆ ಬಂದರೆ ಸಿಬಿರೆದ್ದು ಮಗುವಿನ ಚರ್ಮ ಗೀರುತ್ತದೆ.

ಅತ್ತೆಯ ಕಣ್ಣು ಮಂಜಾಗಿತ್ತು. ಬೆರಳು ನೋಡಿಕೊಳ್ಳುತ್ತದೆ ಎನ್ನುತ್ತಿದ್ದರು. ಆದರೆ ನಲವತ್ತು ವರ್ಷ ದಂಟು ಸೀಳಿದ ಬೆರಳೂ ಜಡ್ಡುಗಟ್ಟಿತ್ತು, ನುಣುಪು ಯಾವುದು ಒರಟು ಯಾವುದು ಅದಕ್ಕೂ ತಿಳಿಯದೆ ಒಳಮೈ ಮೇಲೆ ಬಂದುಬಿಡುತ್ತಿತ್ತು. ಹೇಳಲು ನನಗೆ ಬಾಯಿ ಬರಲಿಲ್ಲ. ಹೆಣೆಯುವ ದಬ್ಬಳ ಕೆಳಗಿಟ್ಟ ದಿನ ನಾನೂ ಇಲ್ಲ ಎಂದು ಅವರು ಎಷ್ಟೋ ಸಲ ನಗುತ್ತ ಹೇಳಿದ್ದರು. ಅದು ನಗುವ ಮಾತಲ್ಲವೆಂದು ನನಗೆ ಗೊತ್ತಿತ್ತು.

ನಾನು ಈ ಮನೆಗೆ ಬಂದ ಹೊಸತರಲ್ಲಿ ಹೆಣೆದ ಬುಟ್ಟಿ ನೋಡಿ, ಇದರಲ್ಲಿ ಬೆಕ್ಕೂ ಮಲಗಲ್ಲ ಎಂದಿದ್ದರು. ಅದೇ ಬುಟ್ಟಿ ಈಗಲೂ ಅಡುಗೆಮನೆಯಲ್ಲಿ ಈರುಳ್ಳಿ ತುಂಬಿಕೊಂಡು ನೇತಾಡುತ್ತಿದೆ. ಅತ್ತೆ ಯಾರಿಗೂ ಇಳಿಸಲು ಬಿಟ್ಟಿಲ್ಲ.

ಸಂಜೆ ಎದ್ದು ಬಂದ ಅತ್ತೆ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಹೆಬ್ಬೆರಳನ್ನು ಸುತ್ತಲೂ ಆಡಿಸಿದರು. ಬೆರಳು ಒಂದು ಕಡೆ ನಿಂತಿತು. ಹಿಂದೆ ಹೋಯಿತು. ಮತ್ತೆ ಬಂತು.

“ನಾನು ಎಡಚಿ ಕಣೇ,” ಎಂದರು. “ಎಳೆ ತುದೀನ ಎಡಕ್ಕೆ ಸಿಕ್ಕಿಸ್ತೀನಿ. ಇಲ್ಲಿ ತುದಿಯೆಲ್ಲ ಬಲಕ್ಕಿದೆ. ಇಲಿ ಬಂದು ಹೆಣೀತಾ?”

ನಾನು ಬಕೆಟ್ಟಿನ ನೀರು ನೋಡುತ್ತ ಕೂತೆ. ಎಷ್ಟು ದಿನದಿಂದ ಎಂದು ಕೇಳಿದರು. ಹನ್ನೊಂದು ಎಂದೆ. ಬೈಯುತ್ತಾರೆಂದುಕೊಂಡಿದ್ದೆ, ಬೈಯಲಿಲ್ಲ. ಇನ್ನೊಂದು ಸಲ ಬೆರಳಾಡಿಸಿದರು.

“ಬಿಗಿ ಚೆನ್ನಾಗಿದೆ. ಈಗ ಬೆಕ್ಕು ಮಲಗಬಹುದು.”

ಆಮೇಲೆ ಸೆರಗಿಗೆ ಒರೆಸಿ ದಬ್ಬಳವನ್ನು ನನ್ನತ್ತ ಚಾಚಿದರು. ಅದರ ಹಿಡಿ ಅವರ ಎಡಗೈಗೇ ಸವೆದು ಬಾಗಿತ್ತು. ಬುಟ್ಟಿಯ ಬಾಯಿ ಕಟ್ಟುವ ಕೆಲಸವನ್ನು ಅವರು ಈವರೆಗೆ ಯಾರಿಗೂ ಬಿಟ್ಟವರಲ್ಲ.

“ಬಾಯಿ ನೀನೇ ಕಟ್ಟು. ಇನ್ಮೇಲೆ ಇದು ನಿಂದು. ತಗೋ.”

ನಾನು ನೀರಿನಿಂದ ಒಂದು ಎಳೆ ಎತ್ತಿ, ನೀರು ಕೊಡವಿ, ಹೊಳಪು ಮೇಲೆ ಮಾಡಿ ಅವರ ಬಲಗೈ ಬೆರಳುಗಳ ನಡುವೆ ಇಟ್ಟೆ. ಎಡಗೈಯ ದಬ್ಬಳ ಇನ್ನೂ ನನ್ನ ಕಡೆಗೇ ಚಾಚಿತ್ತು.

“ನಾನು ತಗೊಳ್ಳಲ್ಲ, ಅತ್ತೆ.”