ಕೊನೇ ಬೆಂಚಿಗೂ ಕೇಳುವ ಪಾಠ

ಆ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಉಪನ್ಯಾಸಕಿ ಇಪ್ಪತ್ತೆರಡು ವರ್ಷ ಚೆನ್ನಾಗಿಯೇ ಪಾಠ ಮಾಡಿದ್ದಳು. ಹೊಸ ಉಪನ್ಯಾಸ ಮಂದಿರಕ್ಕೆ ಬಂದ ಮೇಲೆ ಮಾತ್ರ ಅವಳ ಮಾತು ನಾಲ್ಕನೇ ಸಾಲು ದಾಟದಾಯಿತು. ಮುನ್ನೂರು ಮಂದಿ ಕೂರುವ ಜಾಗ. ನುಣುಪು ಕಲ್ಲಿನ ನೆಲ, ದೊಡ್ಡ ದೊಡ್ಡ ಗಾಜಿನ ಕಿಟಕಿ. ನೋಡುವುದಕ್ಕೆ ಅರಮನೆ, ಕೇಳುವುದಕ್ಕೆ ಬಾವಿ. ಮೈಕಿನಲ್ಲಿ ‘ಜೇನು’ ಎಂದರೆ ಹಿಂದಿನವರಿಗೆ ‘ಏನು ಏನು’ ಎಂದು ತಲುಪುತ್ತಿತ್ತು. ಸ್ಪೀಕರು ಜೋರು ಮಾಡಿದಷ್ಟೂ ಗದ್ದಲವೇ ಜೋರಾಗುತ್ತಿತ್ತು.

“ಬೇಜಾರು ಮಾಡ್ಕೋಬೇಡಿ ಮೇಡಂ, ನಿಮ್ಮ ದನಿ ಸ್ವಲ್ಪ ಮೆತ್ತಗೆ. ಆ ಕ್ಲಾಸು ಬೇರೆಯವರಿಗೆ ಕೊಡೋಣ ಅಂತಿದೀನಿ,” ಎಂದರು ಪ್ರಾಂಶುಪಾಲರು.

ಅವಳು ಮುಖ ಸಪ್ಪೆ ಮಾಡಿಕೊಂಡು ನೇರ ಅಕ್ಕನ ಹೊಲಿಗೆ ಅಂಗಡಿಗೆ ಹೋದಳು. ಪರದೆ, ಸೋಫಾ ಕವರು ಹೊಲಿದೇ ತಂಗಿಯನ್ನು ಓದಿಸಿದ ಅಕ್ಕ. ತಾನು ಕಲಿತದ್ದು ಏಳನೇ ಕ್ಲಾಸು. ಎಲ್ಲ ಕೇಳಿಸಿಕೊಂಡು, ಹಲ್ಲಿನಲ್ಲಿ ದಾರ ಕಚ್ಚಿ ತುಂಡು ಮಾಡಿದಳು.

“ನಿನ್ನ ದನಿ ಮೆತ್ತಗಾ? ಚಿಕ್ಕೋಳಿದ್ದಾಗ ನೀನು ಅತ್ತರೆ ಮೂರು ಬೀದಿ ಎದ್ದು ಕೂರ್ತಿತ್ತು. ಮೊದಲು ಆ ಕೋಣೆಗೇನು ರೋಗ ಅಂತ ಯಾರಿಗಾದ್ರೂ ತೋರಿಸೋಕೆ ಹೇಳು.”

ತಂಗಿ ಪಟ್ಟು ಹಿಡಿದಳು. ಪ್ರಾಂಶುಪಾಲರು ಒಲ್ಲದ ಮನಸ್ಸಿನಿಂದಲೇ ಒಬ್ಬ ಸೌಂಡ್ ಇಂಜಿನಿಯರನ್ನು ಕರೆಸಿದರು. ಆ ಕುಳ್ಳ ಮನುಷ್ಯ ಜೇಬಿನಿಂದ ಬಲೂನು ತೆಗೆದು, ಕೆನ್ನೆ ಉಬ್ಬಿಸಿ ಊದಿ, ವೇದಿಕೆಯ ಮೇಲೆ ಠಪ್ಪನೆ ಒಡೆದ. ಸದ್ದು ಗೋಡೆಯಿಂದ ಗೋಡೆಗೆ ಹಾರಿ ಸುತ್ತಾಡಿತು.

“ಸದ್ದು ಅಡಗೋಕೆ ಮೂರೂವರೆ ಸೆಕೆಂಡು,” ಎಂದ ಅವನು. “ಒಂದು ಮಾತು ಅಡಗೋದರೊಳಗೆ ಮುಂದಿನ ಮಾತುಗಳೆಲ್ಲ ಬಂದು ಅದರ ಮೈಮೇಲೆ ಬೀಳ್ತಾವೆ. ಮೇಡಂ ದನಿಗೆ ಏನೂ ಆಗಿಲ್ಲ ಸಾರ್. ನಿಮ್ಮ ಗೋಡೆ ಏನನ್ನೂ ನುಂಗ್ತಿಲ್ಲ, ಎಲ್ಲಾನೂ ವಾಪಸ್ ಉಗುಳ್ತಿದೆ.”

ಅವಳಿಗೆ ಅಲ್ಲೇ ಕುಣಿಯಬೇಕೆನಿಸಿತು. ಪ್ರಾಂಶುಪಾಲರ ಮುಖ ನೋಡಿ ತಡೆದುಕೊಂಡಳು.

ದೈತ್ಯ ಸ್ಪೀಕರು ಇಳಿಸಿ, ಸಾಲುಗಳ ನಡುವೆ ಸಣ್ಣವನ್ನು ಹಾಕುವುದು. ಮರದ ಚೌಕಟ್ಟಿಗೆ ಉಣ್ಣೆ ತುಂಬಿ, ಬಟ್ಟೆ ಹೊದಿಸಿ ಗೋಡೆಗೆ ಕೂರಿಸುವುದು. ಅವನು ಹೇಳಿದ ಮದ್ದು ಇಷ್ಟೇ. ಅರವತ್ತು ಹೊದಿಕೆ ಹೊಲಿಯುವ ಕೆಲಸ ಅಕ್ಕನ ಪಾಲಿಗೆ ಬಂತು.

“ಎಂಥ ಬಟ್ಟೆ ಬೇಕು?” ಎಂದು ಕೇಳಿದಳು ಅಕ್ಕ.

“ಬಾಯಿಗಿಟ್ಟು ಊದಿದ್ರೆ ಉಸಿರು ಆಚೆ ಹೋಗಬೇಕಮ್ಮ. ಉಸಿರು ಹೋದಲ್ಲಿ ಸದ್ದೂ ಹೋಗುತ್ತೆ,” ಎಂದ ಇಂಜಿನಿಯರು.

ಜವಳಿ ಅಂಗಡಿಯಲ್ಲಿ ಅಕ್ಕ ಒಂದೊಂದು ಥಾನಿನ ತುದಿಯನ್ನೂ ಮುಖಕ್ಕಿಟ್ಟು ಊದುತ್ತ ಹೋದಳು. ಒಂಬತ್ತನೆಯ ಥಾನಿಗೆ ಅಂಗಡಿಯವನು ಮೆಲ್ಲಗೆ ನೀರಿನ ಲೋಟ ತಂದಿಟ್ಟ.

ಮೂರು ವಾರಕ್ಕೆ ಕೆಲಸ ಮುಗಿಯಿತು. ಮೊದಲ ಪಾಠದ ದಿನ, ಹೊಲಿಗೆ ಸರಿ ಕೂತಿದೆಯೋ ನೋಡುತ್ತೇನೆಂದು ಅಕ್ಕ ಕೊನೇ ಸಾಲಿನಲ್ಲಿ ಕೂತಳು. ತಂಗಿ ಬಾಯಿ ತೆರೆದಳು. ಮನೆಯಲ್ಲಿ ಮಾತಾಡುವಂತೆ, ಗಂಟಲು ಹರಿದುಕೊಳ್ಳದೆ, ಜೇನುಗೂಡಿನ ಕಥೆ ಹೇಳಿದಳು. ಹಿಂದಿನ ಸಾಲುಗಳಲ್ಲಿ ಪೆನ್ನು ಓಡುವ ಸದ್ದು ವೇದಿಕೆಯ ಮೇಲಿದ್ದ ಅವಳಿಗೂ ಕೇಳುತ್ತಿತ್ತು. ಹೊಸ ರಾಣಿ ಹುಟ್ಟುವ ಭಾಗಕ್ಕೆ ಬಂದಾಗ ಕೊನೇ ಸಾಲಿನಿಂದ ಕೈಯೊಂದು ಎದ್ದಿತು.

“ಹೊಸಬಳು ಬಂದ್ರೆ ಹಳೇ ರಾಣಿ ಗತಿ ಏನು?”

ಮುನ್ನೂರು ತಲೆಗಳು ತಿರುಗಿದವು. ಹೊಲಿಗೆ ನೋಡಲು ಬಂದವಳು ಎದ್ದು ನಿಂತಿದ್ದಳು.

“ಹೊಸಬಳು ಹೊರಗೆ ಬರೋಕೆ ಮುಂಚೆನೇ ಹಳೆಯವಳು ಗೂಡಿನ ಅರ್ಧ ಹುಳಗಳನ್ನ ಜೊತೆಗೆ ಕಟ್ಟಿಕೊಂಡು, ಹೊಸ ಮನೆ ಮಾಡೋಕೆ ಹೊರಡ್ತಾಳೆ ಅಕ್ಕ.”

“ಜಾಣೆ,” ಎಂದು ಅಕ್ಕ ಕೂತಳು. ತರಗತಿಯೆಲ್ಲ ನಕ್ಕಿತು; ಬಾಗಿಲಲ್ಲಿ ನಿಂತಿದ್ದ ಪ್ರಾಂಶುಪಾಲರೂ ನಕ್ಕರು.

ಮುಂದಿನ ಬುಧವಾರ ಪಾಠಕ್ಕೆ ಇನ್ನೂ ಕಾಲು ಗಂಟೆ ಇತ್ತು. ಉಪನ್ಯಾಸಕಿ ಒಳಗೆ ಬಂದರೆ, ಅಂಗಡಿಗೆ ಬೀಗ ಹಾಕಿ ಬಂದ ಅಕ್ಕ ಮೊದಲ ಸಾಲಿನಲ್ಲೇ ಕೂತು ಹೊಸ ನೋಟುಬುಕ್ಕಿಗೆ ತನ್ನ ಹೆಸರು ಬರೆಯುತ್ತಿದ್ದಳು.

“ಇವತ್ತು ಯಾವ ಪ್ರಾಣಿ?”

“ಇರುವೆ.”

“ನಿಧಾನಕ್ಕೆ ಹೇಳು. ನಾನು ಬರ್ಕೋಬೇಕು.”